ಒಬ್ಬರೇ ಇರುವವರ ರಿಯಾಯಿತಿ

ಮೇವಿಸ್ ಡ್ರೂರಿಗೆ ಯಾರ ಹಂಗೂ ಬೇಕಿರಲಿಲ್ಲ. ಈ ಮಾತನ್ನು ಅವಳು ಕೇಳಿದವರಿಗೂ ಹೇಳುತ್ತಿದ್ದಳು, ಕೇಳದವರಿಗೂ ಹೇಳುತ್ತಿದ್ದಳು. ಶಾಲೆ ಬಿಟ್ಟ ಮರುವಾರವೇ ಗ್ರಿಮ್ಸ್‌ಬಿ ಬಂದರಿನ ಮೀನಿನ ಶೆಡ್ಡಿಗೆ ಸೇರಿ, ಮಂಜುಗಡ್ಡೆ ತೇಲುವ ನೀರಿನಲ್ಲಿ ಕೈ ಅದ್ದಿಕೊಂಡು, ಹ್ಯಾಡಕ್ ಮೀನು ಸೀಳುತ್ತಾ ಸೀಳುತ್ತಾ ಮುದುಕಿಯಾದವಳು ಅವಳು. ಅವಳ ಚಾಕು ಮುಳ್ಳಿನ ಮೇಲೆ ಒಂದು ಚೂರು ಮಾಂಸವನ್ನೂ ಬಿಡುವುದಿಲ್ಲ ಎಂದು ಬಂದರಿನಲ್ಲೆಲ್ಲ ಹೆಸರು. ಹೆಸರು ತಂದ ಆ ಕೈಗಳನ್ನೇ ನೀರು ತಿಂದು ಹಾಕಿತು. ಎಪ್ಪತ್ತು ದಾಟುವ ಹೊತ್ತಿಗೆ ಬೆರಳು ಸೊಟ್ಟಗಾಗಿ, ಗೆಣ್ಣುಗಳು ಹಸಿ ಶುಂಠಿಯ ಹಾಗೆ ಊದಿಕೊಂಡು, ಅಂಗಿಯ ಗುಂಡಿ ಹಾಕಿಕೊಳ್ಳುವುದಕ್ಕೂ ಆಗದ ಸ್ಥಿತಿ. ಹಾಗೆಂದು ಯಾರಾದರೂ ಕೈ ಹೇಗಿದೆ ಎಂದು ವಿಚಾರಿಸಿದರೆ ಮುಗಿಯಿತು. "ಇದ್ದಲ್ಲೇ ಇದೆ, ನಿಂದು ಹೇಗಿದೆ?" ಎಂದು ಬಾಯಿ ಮುಚ್ಚಿಸಿ ಕಳಿಸುವಳು.

ಗಂಡ ಲೆನ್ ಸತ್ತ ಮೇಲೆ ಅವಳಿಗೆ ಮನೆ ತೆರಿಗೆಯಲ್ಲಿ ರಿಯಾಯಿತಿ ಸಿಕ್ಕಿತು. ಮನೆಯಲ್ಲಿ ದೊಡ್ಡವರು ಅಂತ ಒಬ್ಬರೇ ಇದ್ದರೆ ನಮ್ಮ ಕೌನ್ಸಿಲ್ಲಿನವರು ನಾಲ್ಕರಲ್ಲೊಂದು ಪಾಲು ಬಿಟ್ಟುಕೊಡುತ್ತಾರೆ. ಇನ್ನೊಬ್ಬರು ಬಂದು ನೆಲೆಸಿದರೆ ಆ ಪಾಲು ಹೋಯಿತು. ನಾಲ್ಕು ದಿನ ಇದ್ದು ಹೋಗುವ ನೆಂಟರಾದರೆ ಲೆಕ್ಕಕ್ಕಿಲ್ಲ. ಆದರೆ ಅವರಿಗೆ ತಮ್ಮದು ಅಂತ ಬೇರೆ ಕಡೆ ಮನೆ ಇರಬೇಕು. ಈ ರಿಯಾಯಿತಿಯನ್ನು ಮೇವಿಸ್ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದಳು, ಒಬ್ಬಳೇ ಬದುಕಿ ತೋರಿಸಿದ್ದಕ್ಕೆ ಕೊಟ್ಟ ಪದಕವೋ ಎಂಬಂತೆ. ಆಮೇಲೆ ಕೈ ಕೆಟ್ಟಾಗ ಇನ್ನೊಂದೂ ಬಂತು: ಕೈಲಾಗದ ಮುದುಕರಿಗೆ ಸರ್ಕಾರ ಕೊಡುವ ಆರೈಕೆ ಭತ್ಯೆ. ಆಸ್ಪತ್ರೆಯ ನರ್ಸ್ ಒಬ್ಬಳು ಹಠ ಹಿಡಿದು ಅರ್ಜಿ ಹಾಕಿಸಿದ್ದಳು. ಇದರ ಬಗ್ಗೆ ಮಾತ್ರ ಮೇವಿಸ್ ಸತ್ತರೂ ಬಾಯಿ ಬಿಡುವವಳಲ್ಲ. ಯಾರಾದರೂ ಕೇಳಿದ್ದರೆ ಲೆನ್‌ನ ಪಿಂಚಣಿ ಎಂದಿರುತ್ತಿದ್ದಳು.

ಹೀಗಿರುವಾಗ ತಂಗಿ ನಾರ್ಮಾ ಬಂದಳು. ಇಪ್ಪತ್ತು ವರ್ಷ ಮೇಬಲ್‌ಥಾರ್ಪ್‌ನ ಕಡಲ ದಂಡೆಯಲ್ಲಿ ಪಬ್ ನಡೆಸಿದವಳು, ದೊಡ್ಡ ಗಂಟಲು, ದೊಡ್ಡ ನಗು, ತುಟಿಗೆ ಯಾವಾಗಲೂ ಕೆಂಪು ಬಣ್ಣ. ಜೊತೆಗಿದ್ದ ಗಂಡಸು ಇನ್ನೊಬ್ಬಳನ್ನು ಕಟ್ಟಿಕೊಂಡು ಸ್ಪೇನಿಗೆ ಹಾರಿದ. ಪಬ್ ಬಾಡಿಗೆಯದು, ಅದು ಕೈಬಿಟ್ಟಿತು, ಅದರ ಜೊತೆಗೆ ಮಹಡಿಯ ಮೇಲಿದ್ದ ಮನೆಯೂ ಹೋಯಿತು. ಒಂದು ಸೂಟ್‌ಕೇಸ್ ಹಿಡಿದುಕೊಂಡು ಅಕ್ಕನ ಬಾಗಿಲಲ್ಲಿ ನಿಂತಾಗಲೂ ಅವಳು ನಗುತ್ತಲೇ ಇದ್ದಳು.

"ಒಂದು ವಾರ ಕಣೇ ಮೇವಿಸ್. ಹೆಚ್ಚಂದ್ರೆ ಎರಡು. ಏನಾದ್ರೂ ದಾರಿ ಕಾಣೋವರ್ಗೂ."

"ನಂಗೇನು ಅವಸರ ಇಲ್ಲ," ಅಂದಳು ಮೇವಿಸ್. "ಕಾಲು ಒರೆಸ್ಕೊಂಡು ಒಳಗೆ ಬಾ."

ಅಷ್ಟೇ ಮಾತು. ನಮ್ಮ ಜನ ಹೀಗೇ. ಮನೆಗೆ ಬಂದವರನ್ನು ಯಾವಾಗ ಹೊರಡ್ತೀರಿ ಎಂದು ಕೇಳುವ ಹಾಗಿಲ್ಲ, ಇಲ್ಲೇ ಇದ್ದುಬಿಡು ಎಂದು ಹೇಳುವ ಹಾಗೂ ಇಲ್ಲ. ಎರಡೂ ನಾಚಿಕೆಗೇಡಿನ ಮಾತು. ನಡುವೆ ಹವಾಮಾನದ ಬಗ್ಗೆ ಎಷ್ಟು ಬೇಕಾದರೂ ಮಾತಾಡಬಹುದು.

ವಾರ ಹೋಗಿ ತಿಂಗಳಾಯಿತು. ಒಂದು ಬೆಳಿಗ್ಗೆ ಮೇವಿಸ್ ಮೆಟ್ಟಿಲ ಕೆಳಗೆ ಗೋಡೆ ಕಡೆ ತಿರುಗಿ ನಿಂತು ಮನೆಯೊಳಗೂ ತೊಡುವ ಉಲನ್ ಕೋಟಿನ ಗುಂಡಿಯ ಜೊತೆ ಗುದ್ದಾಡುತ್ತಿದ್ದಳು. ನಾರ್ಮಾ ಅಡುಗೆಮನೆಯಿಂದ ಬಂದಳು. ಏನು ಮಾಡ್ತಿದ್ದೀಯ ಎಂದು ಕೇಳಲಿಲ್ಲ, ಪಾಪ ಅನ್ನಲಿಲ್ಲ. ಪಬ್ಬಿಗೆ ಬರುತ್ತಿದ್ದ ಯಾವನೋ ಕುಡುಕ ತನ್ನ ಹಲ್ಲಿನ ಸೆಟ್ಟನ್ನು ಬಿಯರ್ ಗ್ಲಾಸಿನಲ್ಲಿ ಮರೆತು ಹೋದ ಕತೆ ಹೇಳುತ್ತಾ ಹೇಳುತ್ತಾ, ಮೇಲಿನಿಂದ ಕೆಳಗಿನವರೆಗೆ ಗುಂಡಿಗಳನ್ನು ಹಾಕಿ, ಕತೆ ಮುಗಿಸಿ, ಕೆಟಲ್ ಇಡಲು ಹೋದಳು. ಮೇವಿಸ್ ಕತೆಗೆ ಮಾತ್ರ ನಕ್ಕಳು. ಮರುದಿನ ಇನ್ನೊಂದು ಕುಡುಕನ ಕತೆ. ದಿನಾ ಬೆಳಿಗ್ಗೆ ಒಂದೊಂದು. ಗುಂಡಿಯ ವಿಷಯ ಇಬ್ಬರ ಬಾಯಲ್ಲೂ ಒಮ್ಮೆಯೂ ಬರಲಿಲ್ಲ.

ಹಾಗೆಯೇ ಉಳಿದದ್ದೂ ಸೇರಿಕೊಂಡಿತು. ತಲೆ ತೊಳೆಯುವುದು, ಬೆನ್ನು ಉಜ್ಜುವುದು, ಒಳ ಉಡುಪಿನ ಕೊಕ್ಕೆ, ಕಾಲ್ಚೀಲ, ಆಲೂಗಡ್ಡೆ ಸಿಪ್ಪೆ, ಜಾಮ್ ಡಬ್ಬಿಯ ಮುಚ್ಚಳ. ಒಂದು ದಿನ ನಾರ್ಮಾ ಫ್ರೀಮನ್ ಸ್ಟ್ರೀಟಿನ ಹಳೇ ಸಾಮಾನಿನ ಅಂಗಡಿಯಿಂದ ಎರಡು ಕಡೆ ಹಿಡಿಯಿರುವ ದಪ್ಪ ಮಗ್ ತಂದಳು. ಎರಡು ಅಂಗೈ ನಡುವೆ ಒತ್ತಿ ಹಿಡಿದರೆ ಬೆರಳಿನ ಗೊಡವೆಯೇ ಬೇಡ.

"ಇದ್ಯಾಕೆ ತಂದೆ? ಮನೇಲಿ ಕಪ್ ಇಲ್ವಾ?" ಅಂದಳು ಮೇವಿಸ್.

"ಬಣ್ಣ ಚೆನ್ನಾಗಿತ್ತು, ತಂದೆ. ಬೇಡ ಅಂದ್ರೆ ಬೆಕ್ಕಿಗೆ ಹಾಲಿಡು."

"ನಮ್ಮನೇಲಿ ಬೆಕ್ಕೆಲ್ಲಿದೆ?"

"ಹಾಗಾದ್ರೆ ನೀನೇ ಕುಡಿ."

ಅಂದಿನಿಂದ ಮೇವಿಸ್ ಬಿಸಿ ಟೀ ಕುಡಿಯತೊಡಗಿದಳು. ಅದಕ್ಕೆ ಮುಂಚೆ ಆರಿದ ಮೇಲೆ ಕಪ್ಪಿನ ಮೇಲೆ ಬಗ್ಗಿ, ಕುದುರೆಯ ಹಾಗೆ ಹೀರುತ್ತಿದ್ದಳು. ಯಾರೂ ನೋಡದಿದ್ದಾಗ.

ಇಷ್ಟಾದರೂ ನಾರ್ಮಾ ನೆಂಟಳೇ. ಆ ಪಟ್ಟ ಮೇವಿಸ್ ಕಟ್ಟಿದ್ದು, ಬಿಡಿಸಲೇ ಇಲ್ಲ. ಸೂಟ್‌ಕೇಸ್ ಕಪಾಟಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ. ಸ್ನಾನದ ಮನೆಯಲ್ಲಿ ನೆಂಟರ ಟವೆಲ್ ಬೇರೆ. ನಾರ್ಮಾಳ ಕಾಗದ ಪತ್ರಗಳೆಲ್ಲ ಲೌತ್ ಊರಿನಲ್ಲಿದ್ದ ಅವಳ ಮಲಮಗ ಗ್ಯಾರಿಯ ಮನೆಗೆ ಬರುತ್ತಿದ್ದವು. ತಿಂಗಳಿಗೊಮ್ಮೆ ಅವಳು ಸೂಟ್‌ಕೇಸ್ ಇಳಿಸಿಕೊಂಡು ಲೌತ್ ಬಸ್ಸು ಹತ್ತಿ, ಗ್ಯಾರಿಯ ಸೋಫಾ ಮೇಲೆ ಎರಡು ರಾತ್ರಿ ಮಲಗಿ, ಮತ್ತೆ ಬೀದಿಯೆಲ್ಲ ನೋಡುವ ಹಾಗೆ ಮುಂಬಾಗಿಲಿಂದ "ಹೇಗಿದ್ದೀಯ ಮೇವಿಸ್, ಎಷ್ಟು ದಿನ ಆಯ್ತು ನೋಡಿ!" ಎಂದು ಕೂಗುತ್ತಾ ಒಳಗೆ ಬರಬೇಕು. ಬಾಗಿಲು ಹಾಕಿದ ಮೇಲೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ಮೊದಮೊದಲು.

"ನಾನಿಲ್ಲಿರೋದು ಕೌನ್ಸಿಲ್‌ಗೆ ಗೊತ್ತಾದ್ರೆ ಏನೇ ಮಾಡ್ತೀಯ?" ಎಂದು ಒಂದು ಭಾನುವಾರ ನಾರ್ಮಾ ಕೇಳಿದಳು.

"ನೀನಿಲ್ಲಿಲ್ಲ. ಬಂದಿದ್ದೀಯ ಅಷ್ಟೆ."

"ಎರಡು ಕ್ರಿಸ್‌ಮಸ್‌ನಿಂದ ಬಂದಿದ್ದೀನಾ?"

"ಹೂಂ. ಏನೀಗ? ನಿಧಾನಕ್ಕೆ ಬಂದಿದ್ದೀಯ."

ನಾರ್ಮಾ ನಕ್ಕಳು, ಆದರೆ ಬೇಗ ನಿಲ್ಲಿಸಿದಳು. "ಒಂದು ಮಾತು ಹೇಳ್ತೀನಿ ಕೇಳು. ನನ್ನ ಹೆಸರು ಬರೆಸಿಬಿಡೋಣ. ಆ ಒಂದು ಪಾಲು ನಾನೇ ಕೊಡ್ತೀನಿ. ಡಾಕ್ಟರ್ ಹತ್ರ ಹೋದ್ರೆ ಮನೆ ಎಲ್ಲಿ ಅಂತಾರೆ, ಲೈಬ್ರರಿಗೆ ಹೋದ್ರೂ ಮನೆ ಎಲ್ಲಿ ಅಂತಾರೆ. ಗ್ಯಾರಿ ಸೋಫಾ ಅಂತ ಹೇಳ್ಲಾ? ಈ ವಯಸ್ಸಿಗೆ ನಂಗೊಂದು ಮನೆ ಅಂತ ಬೇಡ್ವೇನೇ?"

"ನೆಂಟರ ಹತ್ರ ದುಡ್ಡು ಇಸ್ಕೊಳ್ಳೋ ಗತಿ ನಂಗಿನ್ನೂ ಬಂದಿಲ್ಲ," ಅಂದಳು ಮೇವಿಸ್.

ದುಡ್ಡಿನ ಮಾತಾಗಿದ್ದರೆ ಎಷ್ಟೋ ಚೆನ್ನಾಗಿತ್ತು! ಜಿಪುಣಿ ಎಂದು ಬೈದು ಸುಮ್ಮನಾಗಬಹುದಿತ್ತು. ಮೇವಿಸ್ ಜಿಪುಣಿಯಲ್ಲ. ಶುಕ್ರವಾರ ಒಳ್ಳೆಯ ಹ್ಯಾಡಕ್ಕೇ ಬೇಕು, ತಂಗಿಗೆ ದೊಡ್ಡ ತುಂಡೇ ಬೇಕು. ಅವಳಿಗೆ ಹೆದರಿಕೆ ಬೇರೆ. ನಾರ್ಮಾಳ ಹೆಸರು ಬರೆಸಿದ ದಿನ ಊರಿಗೆಲ್ಲ ಗೊತ್ತಾಗುತ್ತದೆ, ಮೇವಿಸ್ ಡ್ರೂರಿ ಈಗ ಒಬ್ಬಳೇ ಇರಲಾರಳು ಎಂದು. ಆ ಪದಕ ಕಳಚಿಡಲು ಅವಳಿಗೆ ಮನಸ್ಸಿರಲಿಲ್ಲ. ಅದಕ್ಕಾಗಿ ತಂಗಿ ತಿಂಗಳು ತಿಂಗಳೂ ಸೂಟ್‌ಕೇಸ್ ಹೊತ್ತು ನಾಟಕವಾಡಬೇಕು.

ನಾಟಕಕ್ಕೆ ಒಬ್ಬ ಪ್ರೇಕ್ಷಕನಿದ್ದ. ಎದುರುಮನೆಯ ಕ್ಲೈವ್ ಬೋರಿಲ್, ನಿವೃತ್ತ ಬಸ್ ಡ್ರೈವರ್. ಹೆಂಡತಿ ತೀರಿಕೊಂಡ ಮೇಲೆ ಅವನಿಗೂ ಇದೇ ರಿಯಾಯಿತಿ ಇತ್ತು. ಆಮೇಲೆ ಮಗ ತನ್ನ ಹೆಂಡತಿಯಿಂದ ಬೇರೆಯಾಗಿ ಮನೆಗೆ ವಾಪಸ್ಸು ಬಂದ. ಕ್ಲೈವ್ ತಾನಾಗಿಯೇ ಕೌನ್ಸಿಲ್ಲಿಗೆ ಫೋನ್ ಮಾಡಿ ಹೇಳಿದ, ರಿಯಾಯಿತಿ ಕಳೆದುಕೊಂಡ. ಮಗ ಬೆಳಗಿನಿಂದ ಸಂಜೆಯವರೆಗೆ ಹಾಸಿಗೆಯಲ್ಲಿ ಬಿದ್ದಿರುತ್ತಿದ್ದ. ಪ್ರಾಮಾಣಿಕನಾಗಿದ್ದಕ್ಕೆ ಇದೇ ಫಲವೇ ಎಂದು ಕ್ಲೈವ್‌ನ ಹೊಟ್ಟೆ ಉರಿಯುತ್ತಿತ್ತು, ಕಿಟಕಿಯ ಪರದೆ ಸರಿಸಿ ಎದುರುಮನೆಯ ಕಸದ ಡಬ್ಬಿ ನೋಡಿದಾಗಲೆಲ್ಲ ಇನ್ನೂ ಹೆಚ್ಚಾಗಿ ಉರಿಯುತ್ತಿತ್ತು.

"ಒಬ್ರಿಗೆ ಇಷ್ಟೊಂದು ಖಾಲಿ ಡಬ್ಬಿ ಎಲ್ಲಿಂದ ಬರತ್ತೆ, ಮೇವಿಸ್?" ಎಂದು ಒಂದು ದಿನ ಬೀದಿಯಲ್ಲೇ ಕೇಳಿದ.

"ಜಾಸ್ತಿ ತಿಂತೀನಿ ಕ್ಲೈವ್. ನಿನ್ನ ಮಗ ಎದ್ನಾ?"

ಅಲ್ಲಿದ್ದವರು ಕಿಸಕ್ಕನೆ ನಕ್ಕರು. ಮೇವಿಸ್‌ನ ನಾಲಗೆ ಅವಳ ಹಳೇ ಚಾಕುವಿಗಿಂತ ಹರಿತ. ಆದರೆ ಕ್ಲೈವ್ ಮಾತಿಗೆ ಮಾತು ಕೊಡುವವನಲ್ಲ, ಫೋನ್ ಮಾಡುವವನು. ಅವನೇ ಮಾಡಿದ ಎಂದು ಯಾರೂ ಕಂಡಿಲ್ಲ, ನಮ್ಮ ಬೀದಿಯಲ್ಲಿ ಗೊತ್ತಿಲ್ಲದವರೂ ಇಲ್ಲ. ಮಾರ್ಚ್‌ನಲ್ಲಿ ಕೌನ್ಸಿಲ್ಲಿಂದ ಕಾಗದ ಬಂತು: ರಿಯಾಯಿತಿಯ ಬಗ್ಗೆ ಮಾತಾಡಲು ಮಂಗಳವಾರ ನಮ್ಮವರೊಬ್ಬರು ಮನೆಗೆ ಬರುತ್ತಾರೆ.

"ಬಂದೋರ ಮುಂದೆ ನಿಜ ಹೇಳಿಬಿಡು ಮೇವಿಸ್," ಅಂದಳು ನಾರ್ಮಾ. ಅವಳ ಧ್ವನಿಯಲ್ಲಿ ಪಬ್ಬಿನ ಗದ್ದಲ ಇರಲಿಲ್ಲ. "ಏನಾಗತ್ತೆ? ಹಿಂದಿನ ಬಾಕಿ ಕಟ್ಟು ಅಂತಾರೆ. ನಾನು ಕಟ್ತೀನಿ. ನನ್ನ ತಂಗಿ ಇಲ್ಲೇ ಇರ್ತಾಳೆ ಅಂತ ಒಂದೇ ಒಂದು ಮಾತು. ಅಷ್ಟು ಹೇಳು ಸಾಕು."

"ನೋಡೋಣ," ಅಂದಳು ಮೇವಿಸ್.

ನಾರ್ಮಾ ಅದನ್ನೇ ಹೂಂ ಎಂದುಕೊಂಡಳು, ಹುಚ್ಚಿ. ಮಂಗಳವಾರ ಬೆಳಿಗ್ಗೆ ಎದ್ದು ಕೂದಲಿಗೆ ಸುರುಳಿ ಹಾಕಿ, ಹೊಸ ಅಂಗಿ ತೊಟ್ಟು, ತುಟಿಗೆ ಬಣ್ಣ ಹಚ್ಚಿ ಇಳಿದು ಬಂದಳು, ಮದುವೆಗೆ ಹೊರಟವಳ ಹಾಗೆ. ಆ ದಿನ ಕುಡುಕನ ಕತೆ ಹೇಳಲಿಲ್ಲ. ಸುಮ್ಮನೆ ಗುಂಡಿ ಹಾಕಿದಳು. ಕೊನೆಯ ಗುಂಡಿ ಹಾಕಿ ಅಕ್ಕನ ಎದೆಯ ಮೇಲೆ ಮೆಲ್ಲನೆ ತಟ್ಟಿದಳು. ಸುಳ್ಳೇಕೆ, ಆ ಕ್ಷಣದಲ್ಲಿ ಮೇವಿಸ್ ಮನಸ್ಸು ಮಾಡಿಯೇ ಇದ್ದಳು. ಹೇಳಿಬಿಡುತ್ತೇನೆ, ಇದೇನು ಮಹಾ, ಇಲ್ಲೇ ಇರ್ತಾಳೆ ಅಂದರೆ ನಾಲಗೆ ಬಿದ್ದು ಹೋಗುತ್ತದೆಯೇ ಎಂದು ಒಳಗೇ ಎರಡು ಸಲ ಹೇಳಿ ಅಭ್ಯಾಸವನ್ನೂ ಮಾಡಿಕೊಂಡಳು.

ಬಂದವಳು ಮಿಸ್ ಅಡ್ಲಾರ್ಡ್, ಮೂವತ್ತರ ಒಳಗಿನ ಹುಡುಗಿ. ಶೀತ ಹಿಡಿದು ಮೂಗು ಕೆಂಪಾಗಿತ್ತು. ಮೇವಿಸ್ ಅವಳನ್ನು ಮುಂದಿನ ಕೋಣೆಯಲ್ಲಿ ಕೂರಿಸಿದಳು. ಅದು ಪಾದ್ರಿಗೂ ಡಾಕ್ಟರಿಗೂ ಮೀಸಲಾದ ಕೋಣೆ. ಉಳಿದ ದಿನ ಮೂಳೆ ಕೊರೆಯುವ ಚಳಿ. ಅಂದು ಗ್ಯಾಸ್ ಬೆಂಕಿ ಹಚ್ಚಿದ್ದರು. ನಾರ್ಮಾ ಟೀ ಮಾಡಲು ಹಿಂದಿನ ಅಡುಗೆಮನೆಗೆ ಹೋದಳು, ನಡುವಿನ ಬಾಗಿಲನ್ನು ಸ್ವಲ್ಪ ತೆರೆದೇ ಬಿಟ್ಟಳು. ಮೇವಿಸ್ ಎರಡು ಕೈಗಳನ್ನೂ ಕೋಟಿನ ಜೇಬಿನೊಳಗೆ ತೂರಿಸಿ ಕುಳಿತಳು.

ಹುಡುಗಿ ಮನೆ ಚೆನ್ನಾಗಿದೆ ಅಂದಳು, ಗಾಳಿ ಜೋರು ಅಂದಳು, ಮೂಗು ಒರೆಸಿಕೊಂಡಳು. ಆಮೇಲೆ ವಿಷಯಕ್ಕೆ ಬಂದಳು.

"ನಿಮ್ಮ ತಂಗಿ ಬಹಳ ದಿನದಿಂದ ನಿಮ್ಮ ಜೊತೆ ಇದ್ದಾರೆ ಅಲ್ವಾ, ಮಿಸೆಸ್ ಡ್ರೂರಿ? ನೋಡಿ, ಹೆದರ್ಕೋಬೇಡಿ. ನಾನು ನಿಮ್ಮ ರಿಯಾಯಿತಿ ಕಿತ್ಕೊಳ್ಳೋಕೆ ಬಂದಿಲ್ಲ. ಒಂದು ಮಾತು ಕೇಳ್ತೀನಿ. ಅವರು ನಿಮ್ಮನ್ನ ನೋಡ್ಕೊಳ್ಳೋಕೆ ಅಂತ ಇದ್ದಾರಾ?"

"ಏನಂದ್ರಿ?"

"ಅದಕ್ಕೆ ಬೇರೆ ನಿಯಮ ಇದೆ. ನಿಮಗೆ ಆರೈಕೆ ಭತ್ಯೆ ಬರ್ತಿದ್ದು, ನಿಮ್ಮ ಕೈ ಕೆಲಸಕ್ಕೆಲ್ಲ ಅವರೇ ದಿನಾ ಆಗ್ತಿದ್ರೆ, ಅವರು ಇಲ್ಲೇ ಇದ್ರೂ ನಾವು ಲೆಕ್ಕಕ್ಕೆ ತಗೊಳ್ಳಲ್ಲ. ರಿಯಾಯಿತಿ ಹಾಗೇ ಇರತ್ತೆ. ಅವರೂ ಇಲ್ಲೇ ಇರಬಹುದು. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಅವರು ನಿಮಗೆ ಸಹಾಯ ಮಾಡ್ತಾರಾ, ಮಿಸೆಸ್ ಡ್ರೂರಿ? ಬಟ್ಟೆ ಹಾಕೋದು, ಸ್ನಾನ, ಹೀಗೆ?"

ಹೇಳುತ್ತಾ ಹೇಳುತ್ತಾ ಹುಡುಗಿಯ ಕಣ್ಣು ಕೋಟಿನ ಜೇಬುಗಳ ಮೇಲೆ ಹೋಯಿತು, ಅಲ್ಲಿಂದ ಮೇವಿಸ್‌ನ ಮುಖಕ್ಕೆ ಬಂತು, ಬಂದು ಮೆತ್ತಗಾಯಿತು. ಹೌದು ಅನ್ನಿ, ಒಂದು ಸಲ ಹೌದು ಅನ್ನಿ ಎಂದು ಅವಳೇ ಬೇಡಿಕೊಳ್ಳುವ ಹಾಗಿತ್ತು. ಆ ಕನಿಕರ ಇದೆಯಲ್ಲ, ಅದೇ ಕೆಲಸ ಕೆಡಿಸಿದ್ದು. ಹುಡುಗಿ ಗದರಿಸಿ ಕೇಳಿದ್ದರೆ ಮೇವಿಸ್ ನಿಜವನ್ನೇ ಮುಖಕ್ಕೆ ಎಸೆಯುತ್ತಿದ್ದಳೇನೋ. ಮೂಗು ಸೋರುವ ಈ ಚಿಕ್ಕವಳು, ಇವಳ ಅಮ್ಮ ಹುಟ್ಟುವ ಮುಂಚೆ ಬಂದರಿನಲ್ಲಿ ಚಾಕು ಹಿಡಿದು ನಿಂತವಳನ್ನು, ಸ್ನಾನ ಮಾಡಿಸಬೇಕಾ ಎಂದು ಕೇಳುತ್ತಿದ್ದಾಳೆ! ಮೇವಿಸ್‌ನ ಮೈಯೆಲ್ಲ ಉರಿದು ಹೋಯಿತು.

"ನನ್ನನ್ನ ನೋಡ್ಕೊಳ್ಳೋದಾ? ಚೆನ್ನಾಗಿದೆ!" ಅಂದಳು. "ನಾನೇ ಅವಳನ್ನ ನೋಡ್ಕೊಳ್ತಿರೋದು. ಪಬ್ ಮುಳುಗಿಸ್ಕೊಂಡು ಬೀದಿಗೆ ಬಂದ್ಲು, ಪಾಪ, ಒಡಹುಟ್ಟಿದೋಳು ಅಂತ ನಾಲ್ಕು ದಿನ ಬಂದು ಹೋಗೋಕೆ ಬಿಟ್ಟಿದ್ದೀನಿ. ನಂಗ್ಯಾವ ಭತ್ಯೆನೂ ಇಲ್ಲ, ಯಾರ ಸೇವೆನೂ ಬೇಕಿಲ್ಲ. ಅವಳ ಮನೆ ಲೌತ್‌ನಲ್ಲಿ, ಮಲಮಗನ ಜೊತೆ. ಈ ಮನೇಲಿ ಅವಳದು ಅಂತ ಒಂದು ಮೊಳೆನೂ ಇಲ್ಲ."

ಹಜಾರದಲ್ಲಿ ಹೆಜ್ಜೆ ಸಪ್ಪಳ ಬಾಗಿಲವರೆಗೆ ಬಂದಿತ್ತು. ಟ್ರೇ ಮೇಲೆ ಚಮಚ ಸಣ್ಣಗೆ ಕಿಣಿ ಅಂದಿತು. ಹೆಜ್ಜೆ ನಿಂತಿತು. ಆಮೇಲೆ ತಿರುಗಿ ಅಡುಗೆಮನೆಗೆ ಹೋಯಿತು. ಗೋಡೆಯ ಕಪಾಟಿನ ಬಾಗಿಲು ತೆಗೆದ ಸದ್ದು, ಪಿಂಗಾಣಿಗೆ ಪಿಂಗಾಣಿ ತಗುಲಿದ ಸದ್ದು.

ನಾರ್ಮಾ ಮತ್ತೆ ಬಂದಾಗ ಟ್ರೇ ಮೇಲೆ ಒಣದ್ರಾಕ್ಷಿ ಹಾಕಿದ ಪ್ಲಮ್ ಬ್ರೆಡ್ಡಿನ ಹೋಳುಗಳಿದ್ದವು, ಬೆಣ್ಣೆ ಇತ್ತು, ಮೂರು ಪಿಂಗಾಣಿ ಕಪ್ಪುಗಳಿದ್ದವು. ಮೇವಿಸ್‌ನ ಮದುವೆಗೆ ಬಂದ ಸೆಟ್ಟು. ಅಂಚಿಗೆ ಚಿನ್ನದ ಗೆರೆ, ಒಂದು ಬೆರಳೂ ಸರಿಯಾಗಿ ತೂರದ ಕಡ್ಡಿಯಂಥ ಹಿಡಿ. ಎರಡು ಹಿಡಿಯ ಮಗ್ ಇರಲಿಲ್ಲ. ನಾರ್ಮಾ ಒಂದು ಕಪ್ಪನ್ನು ಅಕ್ಕನ ಮುಂದೆ, ಸಾಸರಿನ ಮೇಲೆ, ನೆಂಟರಿಗೆ ಇಡುವ ಹಾಗೆ ನಾಜೂಕಾಗಿ ಇಟ್ಟಳು. ಅವಳ ಮುಖದಲ್ಲಿ ಪಬ್ಬಿನ ನಗು ಅಂಟಿಸಿದ ಹಾಗೆ ಇತ್ತು.

"ನೀವು ಯಾವಾಗ ಹೊರಡ್ತೀರಿ, ಮೇಡಂ?" ಎಂದು ಮಿಸ್ ಅಡ್ಲಾರ್ಡ್ ಕೇಳಿದಳು. ಅವಳಿಗೂ ಸಂಕಟವಾಗಿತ್ತು.

"ಶನಿವಾರ ಕಣಮ್ಮ. ಎರಡು ದಿನಕ್ಕೆ ಅಂತ ಬಂದೆ, ಜಾಸ್ತಿನೇ ಆಯ್ತು. ನಮ್ಮ ಮೇವಿಸ್ ತುಂಬ ಒಳ್ಳೆಯವಳು, ನನ್ನನ್ನ ರಾಣಿ ಹಾಗೆ ನೋಡ್ಕೊಂಡ್ಲು. ಪಾಪ, ಅವಳಿಗೂ ಅವಳ ಮನೆ ಅವಳಿಗೆ ಬೇಕಲ್ವಾ?"

ಹುಡುಗಿ ಇಬ್ಬರನ್ನೂ ನೋಡಿದಳು. ಟೀ ಕುಡಿದಳು, ಬ್ರೆಡ್ಡು ತಿಂದಳು, ಹೊರಡುವ ಮುಂಚೆ ಮೆಲ್ಲಗೆ ಅಂದಳು, "ನಿಮ್ಮ ಟೀ ಆರ್ತಿದೆ, ಮಿಸೆಸ್ ಡ್ರೂರಿ."

"ನಂಗೆ ಆರಿದ್ದೇ ಇಷ್ಟ," ಅಂದಳು ಮೇವಿಸ್, ಕೈ ಜೇಬಿನಿಂದ ತೆಗೆಯದೆ.

ಹುಡುಗಿ ಹೋದ ಮೇಲೆ ನಾರ್ಮಾ ಕಪ್ಪುಗಳನ್ನೆಲ್ಲ ಎತ್ತಿಕೊಂಡು ಹೋಗಿ, ತುಂಬಿದ್ದನ್ನು ಸಿಂಕಿಗೆ ಸುರಿದು, ತೊಳೆದು, ಒರೆಸಿ, ಕಪಾಟಿನಲ್ಲಿ ಇದ್ದ ಹಾಗೆ ಜೋಡಿಸಿದಳು. ಮೇವಿಸ್ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ತಂಗಿಯ ಬೆನ್ನು ಕಾಣುತ್ತಿತ್ತು. ಈಗ ಹೇಳಬಹುದಿತ್ತು. ಬಾಯಿ ತಪ್ಪಿ ಬಂತು ಕಣೇ ಅನ್ನಬಹುದಿತ್ತು. ಅಷ್ಟು ದೊಡ್ಡ ಮಾತು ಬೇಡ, ಆ ಮಗ್‌ನಲ್ಲಿ ಒಂದಿಷ್ಟು ಟೀ ಕೊಡು ಅಂದಿದ್ದರೂ ಸಾಕಾಗಿತ್ತು. ಅಯ್ಯೋ, ಇಷ್ಟು ಹರಿತವಾದ ನಾಲಗೆ ಇಟ್ಟುಕೊಂಡವಳಿಗೆ ಬೇಕಾದ ಹೊತ್ತಿನಲ್ಲಿ ಒಂದು ಮೆತ್ತಗಿನ ಮಾತು ಹೊರಡಲಿಲ್ಲವಲ್ಲ!

"ಕೊನೆಗೂ ತೊಲಗಿದ್ಲು," ಅಂದಳು ಮೇವಿಸ್.

"ಹೂಂ," ಅಂದಳು ನಾರ್ಮಾ. "ರಾತ್ರಿಗೆ ಹ್ಯಾಡಕ್ ಮಾಡ್ಲಾ, ಮೊಟ್ಟೆ ಸಾಕಾ?"

ಶನಿವಾರದವರೆಗೆ ಎಲ್ಲವೂ ಮುಂಚಿನಂತೆಯೇ ನಡೆಯಿತು. ಬೆಳಿಗ್ಗೆ ಗುಂಡಿ, ಮಧ್ಯಾಹ್ನ ಸೂಪು, ಸಂಜೆ ಟಿವಿ. ಮಗ್ ಕೂಡ ಮರುದಿನವೇ ತನ್ನ ಜಾಗಕ್ಕೆ ಬಂತು. ಕುಡುಕರ ಕತೆ ಮಾತ್ರ ಬರಲಿಲ್ಲ. ಶುಕ್ರವಾರ ನಾರ್ಮಾ ಇಡೀ ದಿನ ಮಹಡಿಯ ಮೇಲೆ, ಅಡುಗೆಮನೆಯಲ್ಲಿ ಏನೋ ಸರಭರ ಮಾಡುತ್ತಿದ್ದಳು. ಮನೆ ಶುದ್ಧ ಮಾಡುತ್ತಿದ್ದಾಳೆ ಎಂದುಕೊಂಡಳು ಮೇವಿಸ್. ಶನಿವಾರ ಸೂಟ್‌ಕೇಸ್ ಇಳಿಯಿತು. ಮೇವಿಸ್‌ಗೆ ಒಳಗೊಳಗೇ ಸಮಾಧಾನ: ಹುಡುಗಿಯ ಮುಂದೆ ಹೇಳಿದ್ದಕ್ಕೆ ಲೌತ್‌ಗೆ ಹೋಗಿಬರುತ್ತಾಳೆ, ಯಾವಾಗಲೂ ಹೋಗುವ ಹಾಗೆ, ಸೋಮವಾರ ಮುಂಬಾಗಿಲಲ್ಲಿ ಕೂಗಿಕೊಂಡು ಬರುತ್ತಾಳೆ.

"ಚಳಿ ಇದೆ, ಕುತ್ತಿಗೆಗೆ ಸುತ್ಕೋ," ಅಂದಳು ಮೇವಿಸ್.

"ಸುತ್ಕೊಂಡಿದ್ದೀನಿ. ಎಲ್ಲದಕ್ಕೂ ಥ್ಯಾಂಕ್ಸ್ ಕಣೇ, ಮೇವಿಸ್."

ಅಕ್ಕತಂಗಿಯರು ಹಾಗೆ ಥ್ಯಾಂಕ್ಸ್ ಹೇಳಿಕೊಳ್ಳುವವರಲ್ಲ. ಅದು ಮೇವಿಸ್‌ನ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ.

ಮರುದಿನ ಬೆಳಿಗ್ಗೆ ಬಟ್ಟೆಯ ಕಪಾಟು ತೆಗೆದರೆ, ಅವಳ ಉಲನ್ ಕೋಟುಗಳೆಲ್ಲ ಕೆಳಗಿನಿಂದ ಎದೆಯವರೆಗೆ ಗುಂಡಿ ಹಾಕಿ ತೂಗುತ್ತಿದ್ದವು, ತಲೆಯ ಮೇಲಿಂದ ಎಳೆದುಕೊಂಡರೆ ಸಾಕು. ಅಡುಗೆಮನೆಗೆ ಇಳಿದು ಜಾಮ್ ಡಬ್ಬಿಗೆ ಅಂಗೈ ತಾಗಿಸಿದರೆ ಮುಚ್ಚಳ ತಾನೇ ತಿರುಗಿತು. ಉಪ್ಪಿನಕಾಯಿ ಸೀಸೆಯೂ ಹಾಗೇ. ಕಾಫಿ ಡಬ್ಬಿಯೂ ಹಾಗೇ. ಕಪಾಟಿನಲ್ಲಿದ್ದ ಒಂದೊಂದು ಮುಚ್ಚಳವನ್ನೂ ಸಡಿಲ ಮಾಡಿ ಇಟ್ಟು ಹೋಗಿದ್ದಳು ನಾರ್ಮಾ. ಎರಡು ರಾತ್ರಿಗೆ ಹೋಗುವವರು ಇಷ್ಟೆಲ್ಲ ಮಾಡುವುದಿಲ್ಲ. ಮೇವಿಸ್ ಕುರ್ಚಿ ಎಳೆದುಕೊಂಡು ಕುಳಿತಳು.

ಆದರೂ ಸೋಮವಾರ ಇಬ್ಬರಿಗೆ ಆಗುವಷ್ಟು ಆಲೂಗಡ್ಡೆ ಬೇಯಲು ಇಟ್ಟಳು, ಸಿಪ್ಪೆ ಸಮೇತ. ಲೌತ್ ಬಸ್ಸು ಬಂತು, ಹೋಯಿತು. ವಾರ ಕಳೆದ ಮೇಲೆ ಕ್ಲೈವ್ ಬೋರಿಲ್ ಬೀದಿ ದಾಟಿ ಬಂದ. ಅವನ ಮುಖ ಸಪ್ಪಗಿತ್ತು.

"ನಿಮ್ಮ ತಂಗಿ ಬರ್ಲಿಲ್ವಾ, ಮೇವಿಸ್?"

"ಹೋದ್ಲು. ನೆಂಟಳು ತಾನೆ? ಹೋಗಲೇಬೇಕು."

"ನಾನು ಏನೂ..." ಎಂದು ಕ್ಲೈವ್ ತೊದಲಿದ.

"ನೀನು ನಿಜಾನೇ ಹೇಳಿದ್ದು ಕ್ಲೈವ್," ಅಂದಳು ಮೇವಿಸ್. "ಸುಳ್ಳು ಹೇಳಿದ್ದು ನಾನು." ಬಾಗಿಲು ಹಾಕಿಕೊಂಡಳು.

ಕೌನ್ಸಿಲ್ಲಿನ ಕಾಗದ ಆಮೇಲೆ ಬಂತು. ನೀವು ಒಬ್ಬರೇ ವಾಸಿಸುತ್ತಿರುವುದರಿಂದ ರಿಯಾಯಿತಿ ಮುಂದುವರಿಯುತ್ತದೆ ಎಂದಿತ್ತು. ಸರಿಯಾಗಿಯೇ ಬರೆದಿದ್ದರು. ಅದರಲ್ಲಿ ತಪ್ಪು ಹುಡುಕಲು ಏನೂ ಉಳಿದಿರಲಿಲ್ಲ.

ಕಪಾಟಿನ ಡಬ್ಬಿಗಳು ಒಂದೊಂದಾಗಿ ಖಾಲಿಯಾದವು. ಹೊಸದಾಗಿ ತಂದವುಗಳ ಮುಚ್ಚಳ ತೆಗೆಯುವವರಿಲ್ಲ. ಮೇವಿಸ್ ಜಾಮ್ ತಿನ್ನುವುದು ಬಿಟ್ಟಳು, ತನಗೆ ಸಿಹಿ ಸೇರುವುದಿಲ್ಲ ಎಂದು ಯಾರೂ ಕೇಳದಿದ್ದರೂ ಹೇಳತೊಡಗಿದಳು. ದಿನಾ ಫೋನ್ ನೋಡುವಳು. ಗ್ಯಾರಿಯ ನಂಬರು ಅವಳಿಗೆ ಬಾಯಿಪಾಠ. ಬಾ ಅಂದರೆ ನಾರ್ಮಾ ಬರುತ್ತಿದ್ದಳೋ ಇಲ್ಲವೋ, ಬಾ ಅನ್ನುವುದಕ್ಕೆ ಮಾತ್ರ ಮೇವಿಸ್‌ನ ಕೈಲಾಗಲಿಲ್ಲ. ನಾರ್ಮಾಳ ಹುಟ್ಟುಹಬ್ಬಕ್ಕೆ ಕಾರ್ಡ್ ಕಳಿಸಿದಳು. ಸೊಟ್ಟ ಅಕ್ಷರದಲ್ಲಿ ತನ್ನ ಹೆಸರು ಬಿಟ್ಟರೆ ಅದರಲ್ಲಿ ಇನ್ನೇನೂ ಇರಲಿಲ್ಲ.

ಬೇಸಿಗೆ ಕಳೆಯುವ ಹೊತ್ತಿಗೆ ನಾರ್ಮಾಳೇ ಫೋನ್ ಮಾಡಿದಳು.

"ಮೇಬಲ್‌ಥಾರ್ಪ್‌ನಲ್ಲಿ ಮನೆ ಸಿಕ್ತು ಕಣೇ. ಒಂದೇ ರೂಮು, ಮುದುಕರಿಗೆ ಅಂತ ಕಟ್ಟಿರೋದು. ಕಿಟಕಿಯಿಂದ ಕತ್ತು ಚಾಚಿದ್ರೆ ಸಮುದ್ರ ಕಾಣತ್ತೆ."

"ಒಳ್ಳೇದಾಯ್ತು."

"ಇನ್ನೊಂದು ಕೇಳು, ತಮಾಷೆ. ನಂಗೂ ಸಿಕ್ತು ಆ ರಿಯಾಯಿತಿ! ಒಬ್ಬಳೇ ಇದ್ದೀನಲ್ಲ." ನಾರ್ಮಾ ಜೋರಾಗಿ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಈಗ ಇಬ್ಬರಿಗೂ ಆಯ್ತು, ಅಲ್ವೇನೇ?"

"ಹೂಂ. ಇಬ್ಬರಿಗೂ ಆಯ್ತು."

ಆಮೇಲೆ ನಾರ್ಮಾ, ಎರಡು ಚಳಿಗಾಲ ಒಂದೇ ಸೂರಿನಡಿ ಕಳೆದರೂ ಒಮ್ಮೆಯೂ ಕೇಳದಿದ್ದದ್ದನ್ನು ಕೇಳಿದಳು.

"ಕೈ ಹೇಗಿದೆ, ಮೇವಿಸ್?"

ಮೇವಿಸ್ ರಿಸೀವರನ್ನು ಭುಜಕ್ಕೂ ಗಲ್ಲಕ್ಕೂ ನಡುವೆ ಒತ್ತಿ ಹಿಡಿದಿದ್ದಳು.

"ಇದ್ದಲ್ಲೇ ಇದೆ," ಅಂದಳು.

ಆ ಚಳಿಗಾಲದಲ್ಲಿ ಮೇವಿಸ್ ಬಚ್ಚಲಲ್ಲಿ ಬಿದ್ದಳು. ಆಸ್ಪತ್ರೆಯವರು ಬೆಳಗಿನ ಹೊತ್ತು ಬಟ್ಟೆ ಹಾಕಿಸಲು ಒಬ್ಬ ಹೆಂಗಸನ್ನು ಗೊತ್ತು ಮಾಡಿದರು. ಟ್ರೇಸಿ ಎಂದು ಅವಳ ಹೆಸರು, ಒಳ್ಳೆಯವಳೇ, ಆದರೆ ಕೈಯಲ್ಲಿ ಇನ್ನೂ ನಾಲ್ಕು ಮನೆ. ನೀಲಿ ಕೈಗವಸು ಹಾಕಿಕೊಂಡು ಗಡಿಯಾರ ನೋಡುತ್ತಾ ಕೋಟು ತೊಡಿಸುವಳು. ಕತೆಗಿತೆ ಹೇಳಲು ಅವಳಿಗೆಲ್ಲಿ ಪುರುಸೊತ್ತು?

"ಇಷ್ಟು ದಿನ ಈ ಗುಂಡಿ ಎಲ್ಲ ಯಾರು ಹಾಕ್ತಿದ್ರು, ಮೇವಿಸ್?" ಎಂದು ಒಂದು ದಿನ, ಏನಾದರೂ ಮಾತಾಡಬೇಕಲ್ಲ ಎಂದು, ಕೇಳಿದಳು.

"ನನ್ನ ತಂಗಿ."

"ಓ, ಬಂದು ಹೋಗ್ತಿದ್ರಾ?"

ಮೇವಿಸ್ ಎದುರುಗಡೆಯ ಕಪಾಟಿನ ತಲೆ ನೋಡಿದಳು. ಸೂಟ್‌ಕೇಸ್ ಇಟ್ಟಿದ್ದ ಜಾಗದಲ್ಲಿ ಧೂಳು ಕೂತಿತ್ತು.

"ಇಲ್ಲ," ಅಂದಳು. "ಇಲ್ಲೇ ಇದ್ಲು. ಇದೇ ಅವಳ ಮನೆ. ನನ್ನ ಕೈಲಿ ಏನೂ ಆಗ್ತಿರ್ಲಿಲ್ಲ, ಎಲ್ಲಾ ಅವಳೇ ಮಾಡ್ತಿದ್ಲು."

"ಹೌದಾ? ಪುಣ್ಯವಂತೆ ನೀವು," ಅಂದಳು ಟ್ರೇಸಿ, ತೋಳು ಎಳೆದು ಸರಿಮಾಡುತ್ತಾ. "ಎಲ್ಲಿ, ಆ ಕೈ ಕೊಡಿ."